ನಾಲ್ಕೂ ಚಕ್ರಕ್ಕೆ ಶಕ್ತಿ ಇದ್ದರೂ ಗಾಡಿ ಹೂತುಕೊಳ್ಳುವುದೇಕೆ?

ಪ್ರಶ್ನೆ: ಕೆಸರಿನಲ್ಲಿ ಫೋರ್ ವೀಲ್ ಡ್ರೈವ್ ಹಾಕಿದರೂ ಗಾಡಿ ಕದಲಲಿಲ್ಲ. ಮುಂದೆ ಒಂದು, ಹಿಂದೆ ಒಂದು ಚಕ್ರ ಮಾತ್ರ ಗಿರಗಿರ ಸುತ್ತುತ್ತಿದ್ದವು, ಉಳಿದೆರಡು ಸುಮ್ಮನಿದ್ದವು. ಏನಾದರೂ ಕೆಟ್ಟಿದೆಯೇ?

ಉತ್ತರ: ಏನೂ ಕೆಟ್ಟಿಲ್ಲ. ಡಿಫರೆನ್ಷಿಯಲ್ ತನ್ನ ಕೆಲಸ ತಾನು ಮಾಡಿದೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡಕ್ಕೂ ಬೇರೆ ಬೇರೆ ವೇಗ ಸಿಗಲೆಂದೇ ಆಕ್ಸಲ್ ನಡುವೆ ಆ ಉಬ್ಬಿದ ಗುಂಡು ಇರುವುದು. ಅದರೊಳಗಿನ ಪುಟ್ಟ ಪಿನಿಯನ್ ಗೇರುಗಳು ತಕ್ಕಡಿ ದಂಡಿಗೆಯಂತೆ: ಎಡಕ್ಕೆಷ್ಟು ಒತ್ತುತ್ತವೋ ಬಲಕ್ಕೂ ಅಷ್ಟೇ ಒತ್ತಬಲ್ಲವು.

ಲೆಕ್ಕ ಹಾಕಿ ನೋಡಿ. ಲೋಳೆ ಮಣ್ಣಿನಲ್ಲಿರುವ ಚಕ್ರ 60 ನ್ಯೂಟನ್ ಮೀಟರ್ ಟಾರ್ಕ್‌ಗೇ (ಅಂದರೆ ತಿರುಚುವ ಬಲಕ್ಕೇ) ಜಾರುತ್ತದೆ ಎನ್ನೋಣ. ಗಟ್ಟಿ ಕಲ್ಲಿನ ಮೇಲಿರುವ ಇನ್ನೊಂದು 900 ತಡೆದುಕೊಳ್ಳಬಲ್ಲದು. ಆದರೆ ಅದಕ್ಕೂ ಸಿಗುವುದು 60 ಮಾತ್ರ, ಒಟ್ಟು 120. ಆಕ್ಸಿಲರೇಟರ್ ತುಳಿದಷ್ಟೂ ಜಾರುವ ಚಕ್ರ ಗುಂಡಿ ತೋಡುತ್ತದೆ, ಅಷ್ಟೇ. ಫೋರ್ ವೀಲ್ ಡ್ರೈವ್ ಹಾಕಿದಾಗ ಕೆಲಸಕ್ಕಿಳಿಯುವ ಗೇರ್ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸ್, ಜೋಡಿಸುವುದು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು. ಒಂದೇ ಆಕ್ಸಲ್‌ನ ಎಡಬಲ ಅದರ ಕೈಯಲ್ಲಿಲ್ಲ. ಹಾಗೆ ನೋಡಿದರೆ ಫೋರ್ ವೀಲ್ ಡ್ರೈವ್ ಎಂಬ ಹೆಸರೇ ಸ್ವಲ್ಪ ಬಡಾಯಿ.

ಎಡಬಲ ಚಕ್ರಗಳನ್ನು ಒಂದಾಗಿ ಕಟ್ಟಲು ಕೆಲವು ಗಾಡಿಗಳಲ್ಲಿ ಡಿಫರೆನ್ಷಿಯಲ್ ಲಾಕ್ ಇರುತ್ತದೆ. ಲಾಕ್ ಹಾಕಿದಾಗ ಹಲ್ಲಿರುವ ಬಳೆಯೊಂದು ಸರಿದು, ಚಕ್ರದ ಶಾಫ್ಟಿನ ತುದಿಯಲ್ಲಿರುವ ಸೈಡ್ ಗೇರನ್ನು ಡಿಫರೆನ್ಷಿಯಲ್ ಕವಚಕ್ಕೆ ಕಚ್ಚಿಸುತ್ತದೆ. ಎರಡೂ ಶಾಫ್ಟುಗಳು ಒಂದೇ ಸರಳಿನಂತೆ ತಿರುಗುತ್ತವೆ. ಆಗ ಕಲ್ಲಿನ ಮೇಲಿನ ಚಕ್ರ ತನಗೆ ಬೇಕಾದ 900 ಎಳೆದುಕೊಳ್ಳುತ್ತದೆ. ಅಷ್ಟೂ ಹೊರೆ ಒಂದೇ ಶಾಫ್ಟಿನ ಮೇಲೆ ಬೀಳುವುದರಿಂದ ಗಕ್ಕನೆ ತುಳಿದರೆ ಅದು ಮುರಿಯಲೂಬಹುದು.

ಪ್ರಶ್ನೆ: ಲಾಕ್ ಹಾಕಬೇಕಾದದ್ದು ಯಾವಾಗ?

ಉತ್ತರ: ಸಿಕ್ಕಿಬೀಳುವ ಮೊದಲು. ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ 4ಎಲ್‌ಗೆ (ನಾಲ್ಕು ಚಕ್ರಕ್ಕೂ ಶಕ್ತಿ, ತಗ್ಗಿದ ಗೇರು) ಬನ್ನಿ, ಆಮೇಲೆ ಹಿಂದಿನ ಲಾಕ್‌ನ ಗುಂಡಿ ಒತ್ತಿ. ದೀಪ ಮಿನುಗುತ್ತಲೇ ಇದ್ದರೆ ಹಲ್ಲುಗಳು ಇನ್ನೂ ಕೂಡಿಲ್ಲವೆಂದು ಅರ್ಥ. ಸ್ಟೇರಿಂಗ್ ತುಸು ಆಚೀಚೆ ಮಾಡುತ್ತಾ ಒಂದೆರಡು ಅಡಿ ತೆವಳಿಸಿದರೆ ‘ಕಟ್’ ಎಂದು ಕೂಡಿಕೊಂಡು ದೀಪ ಮಿನುಗದೆ ಒಂದೇ ಸಮನೆ ಉರಿಯುತ್ತದೆ. ಚಕ್ರ ರೊಯ್ಯನೆ ಸುತ್ತುತ್ತಿರುವಾಗ ಗುಂಡಿ ಒತ್ತಬೇಡಿ. ಹಲ್ಲು ಹಾರಿಹೋಗುವುದು ಹಾಗೆಯೇ.

ಮುಂದಿನ ಆಕ್ಸಲ್‌ಗೂ ಲಾಕ್ ಇದ್ದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದನ್ನು ಹಾಕಿದ ಮೇಲೆ ಗಾಡಿ ತಿರುಗಲು ಒಪ್ಪುವುದಿಲ್ಲ. ಅಡ್ಡ ಇಳಿಜಾರಿನಲ್ಲಂತೂ ಲಾಕ್ ಅಪಾಯಕಾರಿ: ಎರಡೂ ಚಕ್ರ ಒಟ್ಟಿಗೆ ಜಾರಿದರೆ ಪಕ್ಕದ ಹಿಡಿತವೂ ಹೋಗಿ ಹಿಂಭಾಗ ಇಳಿಜಾರಿಗೆ ಸರಿಯುತ್ತದೆ. ಹಾಗಾಗದಂತೆ ಹಿಡಿದುಕೊಳ್ಳುವುದು ಲಾಕ್ ಇಲ್ಲದಿರುವಾಗ ಸುತ್ತದೆ ನಿಂತ ಚಕ್ರವೇ.

ಪ್ರಶ್ನೆ: ಲಾಕ್ ಇಲ್ಲ, ಬ್ರೇಕ್ ಮೂಲಕ ಕೆಲಸ ಮಾಡುವ ಟ್ರ್ಯಾಕ್ಷನ್ ಕಂಟ್ರೋಲ್ ಇದೆ. ಸಾಕೇ?

ಉತ್ತರ: ಬಹಳಷ್ಟು ಕಡೆ ಸಾಕು. ಜಾರುವ ಚಕ್ರಕ್ಕೆ 400 ನ್ಯೂಟನ್ ಮೀಟರ್‌ನಷ್ಟು ಬ್ರೇಕ್ ಬಿದ್ದರೆ, ಮೇಲಿನ ಲೆಕ್ಕದಂತೆ ಇನ್ನೊಂದಕ್ಕೆ 460 ಸಿಗುತ್ತದೆ. ಆದರೆ ಚಕ್ರ ಜಾರಿದ ಮೇಲಷ್ಟೇ ಅದು ಎಚ್ಚರಗೊಳ್ಳುವುದು. ಗರಗರ ಸದ್ದು ಕೇಳಿ ಹೆದರಿ ಕಾಲು ತೆಗೆಯುವವರೇ ಹೆಚ್ಚು. ಆಕ್ಸಿಲರೇಟರನ್ನು ಹದವಾಗಿ, ಒಂದೇ ಸಮನೆ ಒತ್ತಿ ಹಿಡಿಯಿರಿ. ತುಂಬ ಹೊತ್ತು ಹೀಗೆ ಎಳೆದರೆ ಬ್ರೇಕ್ ಬಿಸಿಯೇರುತ್ತದೆ.

ಪ್ರಶ್ನೆ: ಡಾಂಬರು ರಸ್ತೆಯಲ್ಲಿ 4ಎಚ್‌ನಲ್ಲೇ (ನಾಲ್ಕು ಚಕ್ರಕ್ಕೂ ಶಕ್ತಿ, ಮಾಮೂಲಿ ವೇಗದ ಗೇರು) ಓಡಿಸಿದೆ. ಈಗ ಲಿವರ್ 2ಎಚ್‌ಗೆ (ಎರಡೇ ಚಕ್ರಕ್ಕೆ ಶಕ್ತಿ) ಬರುತ್ತಿಲ್ಲ.

ಉತ್ತರ: ನಿಮ್ಮದು ನಡುವೆ ಡಿಫರೆನ್ಷಿಯಲ್ ಇಲ್ಲದ ಪಾರ್ಟ್ ಟೈಮ್ ವ್ಯವಸ್ಥೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಹೋಗುತ್ತವೆ, ಆದರೆ ಟ್ರಾನ್ಸ್‌ಫರ್ ಕೇಸ್ ಎರಡು ಆಕ್ಸಲ್‌ಗಳನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದೆ. ಮಣ್ಣಿನಲ್ಲಾದರೆ ಟೈರು ತುಸು ಜಾರಿ ಆ ವ್ಯತ್ಯಾಸ ತೀರುತ್ತದೆ. ಡಾಂಬರಿನಲ್ಲಿ ಜಾರದೆ ಶಾಫ್ಟುಗಳು ಹಿಂಡಿದ ಬಟ್ಟೆಯಂತೆ ಬಿಗಿದುಕೊಂಡಿವೆ, ಗೇರಿನ ಹಲ್ಲುಗಳು ಒತ್ತಡದಲ್ಲಿ ಕಚ್ಚಿಕೊಂಡಿವೆ. ಲಿವರ್ ಗುದ್ದಬೇಡಿ. ಸ್ಟೇರಿಂಗ್ ತುಸು ತಿರುಗಿಸಿ 5–10 ಮೀಟರ್ ರಿವರ್ಸ್ ಹೋಗಿ, ಕ್ಲಚ್ ಒತ್ತಿ ಲಿವರ್ ಎಳೆಯಿರಿ. ಬರದಿದ್ದರೆ ರಸ್ತೆ ಬದಿಯ ಸಡಿಲ ಮಣ್ಣಿನಲ್ಲಿ ಸ್ವಲ್ಪ ದೂರ ಓಡಿಸಿ. ಈ ಸ್ಥಿತಿಯಲ್ಲಿ ಜಾಕ್ ಹಾಕಿ ಚಕ್ರ ಎತ್ತುವುದು ಬೇಡ. ನೆಲ ಬಿಡುತ್ತಿದ್ದಂತೆ ಅದು ರಪ್ಪನೆ ತಿರುಗಿ ಕೈಗೆ ಬಡಿಯಬಹುದು.

ಮುಂದೆ ಹೊಸ ಟೈರು, ಹಿಂದೆ ಸವೆದದ್ದು ಹಾಕಿದರೂ ಇದೇ ಬಿಗಿತ ನೇರ ರಸ್ತೆಯಲ್ಲೂ ಹುಟ್ಟುತ್ತದೆ. ಹಾಕುವುದಾದರೆ ನಾಲ್ಕೂ ಹೊಸದು ಹಾಕಿ.