ಶಾರದಾ ಎಂದು ಕೂಗಿದರೆ ನಾಲ್ಕು ತಲೆ ತಿರುಗುತ್ತಿದ್ದವು

ಪ್ರಶ್ನೆ: ಟೀಚರ್, ನಮಸ್ಕಾರ. ನಮಗೆ ಹೆಣ್ಣುಮಗು ಹುಟ್ಟಿ ಒಂದೂವರೆ ತಿಂಗಳಾಯಿತು. ಭೂಮಿ ಹುಣ್ಣಿಮೆಯ ಮಾರನೇ ದಿನ ಹುಟ್ಟಿದ್ದು. ತೀರಿಹೋದ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಶಾರದಮ್ಮ. ಮಗುವಿಗೆ ಶಾರದಾ ಅಂತಲೇ ಇಡಬೇಕು ಎಂದು ಅಪ್ಪನ ಹಟ. ನನ್ನ ಹೆಂಡತಿಗೆ ಅದು ಅಜ್ಜಿಯರ ಹೆಸರು ಅನ್ನಿಸುತ್ತದೆ. ಅವಳು ಮೊಬೈಲಿನಲ್ಲಿ ಹುಡುಕಿ ಎರಡಕ್ಷರದ ಹೆಸರುಗಳ ಪಟ್ಟಿ ಮಾಡಿಟ್ಟಿದ್ದಾಳೆ. ಶಾರದಾ ಎಂದರೆ ಸರಸ್ವತಿ, ಅಷ್ಟೇನಾ? ಶೃಂಗೇರಿಯಿಂದ ಬಂದ ಹೆಸರಾ? ಈಗ ಯಾರೂ ಯಾಕೆ ಇಡುವುದಿಲ್ಲ?
— ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಹೆಸರಿನ ಬಗ್ಗೆ ಕೇಳಿ ಹೆಸರು ಬೇಡ ಎಂದಿದ್ದೀರಿ! ಇರಲಿ.

ಕೊನೆಯ ಪ್ರಶ್ನೆ ಮೊದಲು ನೋಡೋಣ. ನಾನು 1982ರಲ್ಲಿ ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿಗೆ ಕನ್ನಡ ಟೀಚರ್ ಆಗಿ ಸೇರಿದೆ. ಎಂಟನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ನಾಲ್ಕು ಶಾರದೆಯರು. ಕೂಗಿದರೆ ನಾಲ್ಕೂ ತಲೆ ತಿರುಗುತ್ತಿದ್ದವು. ಇನಿಶಿಯಲ್ ಸೇರಿಸಿ ಕೂಗೋಣ ಎಂದರೆ ಇಬ್ಬರದೂ ಕೆ. ಕೊನೆಗೆ ಮಕ್ಕಳೇ ದಾರಿ ಕಂಡುಕೊಂಡರು. ದೊಡ್ಡ ಶಾರದ, ಸಣ್ಣ ಶಾರದ, ಜಡೆ ಶಾರದ, ಹೊಳೆಯಾಚೆ ಶಾರದ. ಈ ಹೊಳೆಯಾಚೆಯವಳು ದೋಣಿ ನಿಂತರೆ ಬರುತ್ತಿರಲಿಲ್ಲ. ಜುಲೈ ತಿಂಗಳಲ್ಲಿ ಅವಳ ಹೆಸರಿನ ಮುಂದೆ ಬರೀ ಗೈರುಹಾಜರಿ. 2016ರಲ್ಲಿ ನಾನು ನಿವೃತ್ತಳಾದಾಗ ನನ್ನ ಕ್ಲಾಸಿನಲ್ಲಿ ಒಬ್ಬಳೂ ಶಾರದೆ ಇರಲಿಲ್ಲ. ಮೂವರು ಅನನ್ಯ ಇದ್ದರು. ಒಬ್ಬಳು ಉದ್ದ ಅನನ್ಯ, ಒಬ್ಬಳು ಕನ್ನಡಕದ ಅನನ್ಯ.

ಶಾರದಾ ಎಂಬ ಹೆಸರನ್ನು ಯಾರೂ ಬೇಡ ಎಂದು ಬಿಟ್ಟಿದ್ದಲ್ಲ, ಜಾಸ್ತಿ ಬಳಸಿ ಸವೆಸಿದ್ದು. ಇದು ನನ್ನ ಲೆಕ್ಕ. ಆ ನಾಲ್ವರು ತಾಯಂದಿರಾದಾಗ ಮಗಳಿಗೂ ಕ್ಲಾಸಿನಲ್ಲಿ ಅದೇ ಪಾಡು ಬೇಡ ಅನ್ನಿಸಿರಬೇಕು. ಅಷ್ಟರಲ್ಲಿ ಸುನಿತಾ, ಸವಿತಾ, ಕವಿತಾ ಬಂದಿದ್ದರು. ಈಗ ಅವರೂ ನಡುವಯಸ್ಸಿನ ಅತ್ತೆಯರು. ಅಮ್ಮನ ಹೆಸರು ಹಳತು ಅನ್ನಿಸುತ್ತದೆ, ಮುತ್ತಜ್ಜಿಯ ಹೆಸರು ಚಂದ ಅನ್ನಿಸುತ್ತದೆ. ನಿಮ್ಮ ಮಗುವಿಗೆ ಶಾರದಮ್ಮ ಮುತ್ತಜ್ಜಿ ತಾನೆ?

ಈಗ ಅರ್ಥಕ್ಕೆ ಬರುತ್ತೇನೆ. ಸರಸ್ವತಿ ಎಂಬುದು ಸರಿ, ಆದರೆ ಅದು ಆಮೇಲಿನ ಮಾತು. ಶರತ್ಕಾಲದ ಶರತ್ ಇದೆಯಲ್ಲ, ಅದಕ್ಕೆ ಸೇರಿದವಳು ಶಾರದಾ. ಆಶ್ವಯುಜ, ಕಾರ್ತೀಕ ಎರಡು ತಿಂಗಳು ಶರತ್ಕಾಲ. ನವರಾತ್ರಿ ಬರುವುದು ಆಗ, ಅದಕ್ಕೇ ಅದು ಶರನ್ನವರಾತ್ರಿ. ವೇದದಲ್ಲಿ ನೂರು ವರ್ಷ ಬಾಳೋಣ ಎನ್ನುವುದನ್ನು ‘ಜೀವೇಮ ಶರದಃ ಶತಮ್’ ಎಂದಿದ್ದಾರೆ, ಅಂದರೆ ನೂರು ಶರತ್ಕಾಲ ಬಾಳೋಣ ಎಂದು. ಮಳೆ ತೊಳೆದ ಆಕಾಶದಲ್ಲಿ ಬೆಳ್ಳಗೆ ಹೊಳೆಯುವ ಚಂದ್ರ ಆ ಕಾಲದ್ದು. ಸರಸ್ವತಿಯೂ ಬಿಳಿ ಸೀರೆಯವಳು, ಬೆಳದಿಂಗಳ ಬಣ್ಣದವಳು.

ಇದನ್ನು ಬಯಲುಸೀಮೆಯವರಿಗೆ ವಿವರಿಸಬೇಕಾಗಬಹುದು. ನಿಮಗೆ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ನಿಮ್ಮ ಕಡೆಯೂ ಏನು ಕಡಿಮೆಯಲ್ಲ. ಜೂನಿನಿಂದ ಬಚ್ಚಲೊಲೆಯ ಮೇಲೆ ಒಣಗಿಸಿದ ಬಟ್ಟೆ ಉಟ್ಟು ಉಟ್ಟು ಮೈಯೆಲ್ಲ ಹೊಗೆ ವಾಸನೆ. ಗೋಡೆಗೆ ಪಾಚಿ, ಚಪ್ಪಲಿಗೆ ಬೂಸಲು. ಒಂದು ದಿನ ಬೆಳಿಗ್ಗೆ ಎದ್ದರೆ ಅಂಗಳದಲ್ಲಿ ಬಿಸಿಲು. ಆವತ್ತು ಮಳೆಗೆ ಹೊದೆಯುವ ಗೊರಬು ಅಟ್ಟ ಸೇರುತ್ತದೆ. ಹಾಸಿಗೆ, ಕಂಬಳಿ, ಹಪ್ಪಳದ ಡಬ್ಬಿ ಎಲ್ಲ ಹೊರಗೆ ಬರುತ್ತವೆ. ಸಂಜೆ ತಂತಿಯ ಮೇಲಿನ ಸೀರೆ ತೆಗೆದು ಮೂಸಿದರೆ ಬಿಸಿಲಿನ ವಾಸನೆ. ಶರತ್ಕಾಲ ಎಂದರೆ ನನಗೆ ಅದೇ.

ನಿಮ್ಮ ಮಗು ಹುಟ್ಟಿದ್ದು ಯಾವಾಗ? ಭೂಮಿ ಹುಣ್ಣಿಮೆಯ ಮಾರನೇ ದಿನ. ಆ ಹುಣ್ಣಿಮೆ ಬೇರೆ ಯಾವುದೂ ಅಲ್ಲ, ಉಳಿದವರು ಶರತ್ ಪೂರ್ಣಿಮೆ ಎನ್ನುವುದೇ. ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ. ಬಸುರಿಗೆ ಬಯಕೆ ಊಟ ಹಾಕುವ ಹಾಗೆ ಭೂಮಿತಾಯಿಗೆ ಬಡಿಸುವ ಹಬ್ಬ ಅದು. ಸಾಗರ, ಸೊರಬದ ಕಡೆ ದೀವರ ಹೆಂಗಸರು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಬೆಳಗಿನ ಜಾವ ಆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಬೀರುತ್ತಾರೆ, ಅಂದರೆ ಅಡುಗೆಯ ಎಡೆಯನ್ನು ಗದ್ದೆಗೆ ಎರಚುತ್ತಾರೆ. ಆ ವಾರದಲ್ಲಿ ಹುಟ್ಟಿದ ಹುಡುಗಿಗೆ ಶಾರದಾ ಎಂದಿಟ್ಟರೆ ಅದು ಹಳೇ ಹೆಸರು ಹೇಗಾಗುತ್ತದೆ? ಹುಟ್ಟಿದ ತಾರೀಖೇ ಹೆಸರಾದ ಹಾಗಾಯಿತು. ನಿಮ್ಮ ಹೆಂಡತಿಗೆ ಇದನ್ನು ಹೇಳಿ. ಅಪ್ಪನ ಹಟಕ್ಕಿಂತ ಇದು ಕೆಲಸ ಮಾಡಬಹುದು.

ಶೃಂಗೇರಿಯಿಂದ ಬಂತಾ ಎಂದಿರಿ. ಮನೆಮನೆಗೆ ಬಂದಿದ್ದು ಶೃಂಗೇರಿಯಿಂದಲೇ. ಹೆಸರು ಮಾತ್ರ ಇನ್ನೂ ದೂರದ್ದು. ಶಾಲೆಯಲ್ಲಿ ನಾವು ಹೇಳುತ್ತಿದ್ದ ಶ್ಲೋಕದಲ್ಲಿ ಶಾರದೆ ‘ಕಾಶ್ಮೀರಪುರವಾಸಿನಿ’ ಅಲ್ವಾ? ಕಾಶ್ಮೀರದ ಕಿಶನ್‌ಗಂಗಾ ನದಿಯ ದಂಡೆಯಲ್ಲಿ ಶಾರದಾ ಪೀಠ ಇತ್ತು. ಆ ಕಡೆಯ ಹಳೇ ಲಿಪಿಗೂ ಶಾರದಾ ಲಿಪಿ ಎಂದೇ ಹೆಸರು. ದೇವಸ್ಥಾನ ಈಗ ಪಾಳುಬಿದ್ದಿದೆ, ಗಡಿ ನಿಯಂತ್ರಣ ರೇಖೆಯ ಆಚೆಗಿದೆ. ಈಚೆ ದಂಡೆಯ ಟೀಟ್ವಾಲ್ ಎಂಬ ಊರಿನಲ್ಲಿ 2023ರ ಮಾರ್ಚಿನಲ್ಲಿ ಹೊಸ ಶಾರದಾ ಗುಡಿ ತೆರೆಯಿತು. ಅಲ್ಲಿಗೆ ಪಂಚಲೋಹದ ಮೂರ್ತಿ ಹೋಗಿದ್ದು ನಮ್ಮ ಶೃಂಗೇರಿಯಿಂದ. ತವರಿಗೆ ವಾಪಸ್ ಹೋದ ಹಾಗೆ.

ಶೃಂಗೇರಿಯಲ್ಲಿ ಶಂಕರಾಚಾರ್ಯರು ಮೊದಲು ಇಟ್ಟಿದ್ದು ಗಂಧದ ಮರದ ಮೂರ್ತಿ, ಆಮೇಲೆ ವಿದ್ಯಾರಣ್ಯರ ಕಾಲದಲ್ಲಿ ಚಿನ್ನದ್ದು ಬಂತು ಎನ್ನುತ್ತಾರೆ. ನಮ್ಮ ಶಿವಮೊಗ್ಗದ ಹತ್ತಿರವೇ, ತುಂಗಾ ಭದ್ರಾ ಸೇರುವ ಕೂಡಲಿಯಲ್ಲೂ ಶಾರದೆ ಇದ್ದಾಳೆ, ನಿಂತವಳು. ಹಿರಿಯರು ಅದಕ್ಕೊಂದು ಕತೆ ಹೇಳುತ್ತಾರೆ. ಹಿಂದಿರುಗಿ ನೋಡಬಾರದು ಎಂಬ ಕರಾರಿನ ಮೇಲೆ ಶಾರದೆ ಶಂಕರರ ಹಿಂದೆ ಹೊರಟಳಂತೆ. ಹೊಳೆಯ ಮರಳಿನಲ್ಲಿ ಕಾಲಿನ ಗೆಜ್ಜೆ ಸದ್ದು ನಿಂತಿತು. ಅವರು ತಿರುಗಿ ನೋಡಿದರು. ಅವಳು ಅಲ್ಲೇ ನಿಂತಳು. ನಾನು ಚಿಕ್ಕವಳಿದ್ದಾಗ ಕೂಡಲಿಯ ಮರಳಿನಲ್ಲಿ ನನ್ನ ಗೆಜ್ಜೆ ಸದ್ದು ಕೇಳಿಸುತ್ತದಾ ಎಂದು ನಡೆದು ನೋಡಿದ್ದೇನೆ. ಕೇಳಿಸುವುದಿಲ್ಲ.

ನೀವು ಕೇಳದ ಒಂದು ಮಾತು ಹೇಳಬೇಕು. ಶಾರದಮ್ಮ ನಿಮ್ಮ ಅಮ್ಮನಿಗೆ ಅತ್ತೆ. ಅತ್ತೆಯ ಹೆಸರು ಸೊಸೆ ಹೇಳಬಾರದು ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಹಾಗಿರುವಾಗ ‘ಏ ಶಾರದಾ, ಮಣ್ಣು ತಿನ್ಬೇಡ’ ಎಂದು ಮೊಮ್ಮಗಳನ್ನು ಗದರುವುದು ಹೇಗೆ? ನನ್ನ ತಂಗಿಗೆ ಅಪ್ಪನ ತಾಯಿಯ ಹೆಸರು ಶಾರದಾ ಅಂತಲೇ ಇಟ್ಟಿದ್ದರು. ಅಮ್ಮ ಒಂದು ದಿನವೂ ಹಾಗೆ ಕರೆಯಲಿಲ್ಲ, ಪುಟ್ಟಿ ಎಂದರು. ಪುಟ್ಟಿಗೆ ಈಗ 62 ವರ್ಷ, ಮೊಮ್ಮಕ್ಕಳೂ ಪುಟ್ಟಜ್ಜಿ ಎನ್ನುತ್ತಾರೆ. ಆ ಹೆಸರು ಇದ್ದದ್ದು ಮಾರ್ಕ್ಸ್ ಕಾರ್ಡಿನಲ್ಲಿ ಮಾತ್ರ. ಹಾಗೆ ಮಾಡಬೇಡಿ. ಇಡುವುದಾದರೆ ಕರೆಯಿರಿ. ಶಾರು ಅನ್ನಿ. ನಿಮ್ಮ ಹೆಂಡತಿ ಹುಡುಕುತ್ತಿರುವ ಎರಡಕ್ಷರ ಅದರೊಳಗೇ ಇದೆ. ಇಷ್ಟಾದ ಮೇಲೂ ಅವರು ಬೇಡ ಎಂದರೆ ಬೇಡ. ಹೆತ್ತವಳಿಗೆ ಒಂದು ವೋಟು ಜಾಸ್ತಿ.

ಅವಸರವೇನಿಲ್ಲ. ಜನನ ನೋಂದಣಿಯನ್ನು 21 ದಿನದೊಳಗೆ ಮಾಡಿಸಿರುತ್ತೀರಿ. ಹೆಸರು ಸೇರಿಸಲಿಕ್ಕೆ 12 ತಿಂಗಳವರೆಗೆ ಶುಲ್ಕವಿಲ್ಲ.

ಪ್ರಶ್ನೆ: ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಅಂತ ಪಾಠದಲ್ಲಿ ಬಂತು. ಶಾರದಾ ಯಾರು? ಅವರಿಗೆ ಚಿಕ್ಕಂದಿನಲ್ಲೇ ಮದುವೆ ಮಾಡಿದ್ದರಾ?
— ಕಾಲೇಜು ವಿದ್ಯಾರ್ಥಿನಿ, ಸಾಗರ

ಉತ್ತರ: ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಮನಸ್ಸಿನಲ್ಲಿ ಒಬ್ಬಳು ಎಂಟು ವರ್ಷದ ಹುಡುಗಿಯನ್ನೂ ಕಲ್ಪಿಸಿಕೊಂಡಿದ್ದೆ. ಅವರು ಹುಡುಗಿಯೂ ಅಲ್ಲ, ಶಾರದಾ ಕೂಡ ಅಲ್ಲ. ಅಜ್ಮೇರಿನ ಹರ್‌ಬಿಲಾಸ್ ಸಾರ್ದಾ ಎಂಬ ಗಂಡಸು. ಸಾರ್ದಾ ಅವರ ಮನೆತನದ ಹೆಸರು. ನಮ್ಮ ಬಾಯಲ್ಲಿ ಅದು ಶಾರದಾ ಆಯಿತು. 1929ರಲ್ಲಿ ಕಾಯ್ದೆ ಪಾಸಾಗಿ 1930ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮದುವೆಗೆ ಹುಡುಗಿಗೆ ಕನಿಷ್ಠ 14, ಹುಡುಗನಿಗೆ 18 ವರ್ಷ ಎಂದಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ನಿಷೇಧವಾಗಿತ್ತು. ಪರೀಕ್ಷೆಯಲ್ಲಿ ಇದನ್ನೂ ಬರೆಯಿರಿ.

ಪ್ರಶ್ನೆ: ಶಾರದ, ಶಾರದಾ, ಶಾರದೆ. ಇದರಲ್ಲಿ ಯಾವುದು ಸರಿ? ಕೆಲವರು ಸಾರದಾ ಎಂದೂ ಬರೆಯುತ್ತಾರಲ್ಲ?
— ಭದ್ರಾವತಿಯ ಓದುಗರು

ಉತ್ತರ: ಸಂಸ್ಕೃತದಲ್ಲಿ ಶಾರದಾ. ಸೀತಾ ಹೋಗಿ ಸೀತೆ ಆದ ಹಾಗೆ ಕನ್ನಡದಲ್ಲಿ ಶಾರದೆ. ಮಾತಿನಲ್ಲಿ ಶಾರದ, ಇನ್ನೂ ಅವಸರವಾದರೆ ಶಾರ್ದ. ಸಾರದಾ ಎಂದರೆ ಸಾರ ಕೊಡುವವಳು ಎಂದು ಬೇರೆ ಅರ್ಥ ಹೇಳುತ್ತಾರೆ. ರಾಮಕೃಷ್ಣ ಪರಮಹಂಸರ ಪತ್ನಿಯ ಹೆಸರನ್ನು ಬಂಗಾಳಿಯಲ್ಲಿ ಸಕಾರದಲ್ಲೇ ಬರೆಯುವುದು. ನಾವು ಶಾರದಾದೇವಿ ಎನ್ನುತ್ತೇವೆ.

ಯಾವುದಾದರೂ ಬರೆಯಿರಿ, ಎಲ್ಲ ಕಡೆ ಒಂದೇ ಬರೆಯಿರಿ. ನಮ್ಮ ಪಕ್ಕದ ಮನೆಯ ಶಾರದಕ್ಕ ರೇಷನ್ ಕಾರ್ಡಿನಲ್ಲಿ ಸಾರದಮ್ಮ, ಆಧಾರಿನಲ್ಲಿ ಶಾರದ, ಪಾಸ್‌ಬುಕ್ಕಿನಲ್ಲಿ ಶಾರದಾಬಾಯಿ. ಒಮ್ಮೆ ಮೂರು ತಿಂಗಳು ಪಿಂಚಣಿ ನಿಂತಿತು. ಅವರ ಜೊತೆ ಕಚೇರಿಗೆ ನಾನೂ ಹೋಗಿದ್ದೆ. ಗುಮಾಸ್ತರು ಮೂರೂ ಕಾಗದ ಮುಂದಿಟ್ಟುಕೊಂಡು, ‘ಅಜ್ಜಿ, ಇದರಲ್ಲಿ ನೀವು ಯಾರು?’ ಎಂದರು.

ಶಾರದಕ್ಕ ಎಲೆಯಡಿಕೆ ದವಡೆಗೆ ಸರಿಸಿ, ‘ಯಾವ್ದ್ರಲ್ಲಿ ಕರೆದ್ರೂ ಓ ಅಂತೀನಪ್ಪ. ಒಂದ್ಸಲ ಕರೀರಿ ಸಾಕು’ ಎಂದರು.