ಬಾಯಿಪಾಠ ಬೇರೆ, ಓದು ಬೇರೆ
ಸಾಗರದವರೇ, ನಿಮ್ಮ ಐದು ವರ್ಷದ ಮಗಳು ಅ ಆ ಇ ಈ ಗಡಗಡ ಹೇಳುತ್ತಾಳೆ, ಪುಸ್ತಕ ತೆರೆದರೆ ಮಾತ್ರ ಪ, ಷ ಗೊತ್ತಾಗಲ್ಲ ಅಂದಿರಿ. ಗಾಬರಿ ಬೇಡ. ಇಂಗ್ಲಿಷಿಗೆ 26 ಅಕ್ಷರ. ನಮ್ಮಲ್ಲಿ 49, ಮೇಲೆ ಕಾಗುಣಿತ, ಒತ್ತಕ್ಷರ. ಟೈಮ್ ಜಾಸ್ತಿ ಬೇಕೇ ಬೇಕು, ಅಲ್ವಾ?

ತೀರ್ಥಹಳ್ಳಿಯಲ್ಲಿ ನನ್ನ ಮಗನಿಗೂ ಹೀಗೇ ಆಗಿತ್ತು. ಕಾಪಿ ಬರೆಸುವುದು ಬಿಟ್ಟು, ಅಂಗಳದಲ್ಲಿ ಒಣಗಿದ ಅಡಿಕೆ ಜೋಡಿಸಿ ‘ಪ’ ಮಾಡಿದೆವು. ಹೊಟ್ಟೆಯೊಳಗೆ ಒಂದು ಕಡ್ಡಿ ಇಟ್ಟರೆ ‘ಷ’. ಕಡ್ಡಿ ತೆಗೆದು, ಇಟ್ಟು, ಅವನೇ ನಕ್ಕ. (ಅತ್ತೆ ಅಡಿಕೆ ಎಣಿಸಿ ಬೈದರು.)

ಜೊತೆಗೆ ಚಪ್ಪಾಳೆ ಆಟ: ಹ-ಲ-ಸು, ಮೂರು ಚಪ್ಪಾಳೆ. ‘ಹ’ ತೆಗೆದರೆ? ‘ಲಸು’! ಸದ್ದು ಬಿಡಿಸುವುದು ಕಿವಿಗೆ ಬಂದರೆ ಓದು ಸಲೀಸು. ಮನೆಮಾತು ಕೊಂಕಣಿ ಅಂದಿರಲ್ಲ, ಅದನ್ನು ಸುಮ್ನೆ ನಿಲ್ಲಿಸಬೇಡಿ.