ಬಾಹ್ಯಾಕಾಶದಲ್ಲಿ ಕಿಡ್ನಿ ಸ್ಟೋನ್ ಆದರೆ ಏನು ಗತಿ?

ಪ್ರಶ್ನೆ: ಬೇಸಿಗೆ ಬಂದರೆ ನಮ್ಮ ಕಡೆ ಕಿಡ್ನಿ ಸ್ಟೋನ್ ಅಂತ ಆಸ್ಪತ್ರೆಗೆ ಓಡುವವರು ಜಾಸ್ತಿ. ಹೋದ ವರ್ಷ ನಮ್ಮಣ್ಣನನ್ನು ರಾತ್ರೋರಾತ್ರಿ ಕಲಬುರಗಿಗೆ ಕರೆದುಕೊಂಡು ಹೋದೆವು. ಗಗನಯಾತ್ರಿಗಳಿಗೆ ಹೀಗಾದರೆ ಏನು ಮಾಡ್ತಾರೆ? ಮೊದಲೇ ಲೆಕ್ಕ ಹಾಕಿರ್ತಾರಾ?
– ಓದುಗರೊಬ್ಬರು, ಸೇಡಂ

ಉತ್ತರ: ಹಾಕಿರುತ್ತಾರೆ. ಅವರ ಪಟ್ಟಿಯಲ್ಲಿ ಕಿಡ್ನಿ ಸ್ಟೋನ್ ಇದ್ದೇ ಇದೆ. ನಮ್ಮಲ್ಲಿ ಬಿಸಿಲಿಗೆ ಬೆವರು ಸುರಿದು, ಕುಡಿದ ನೀರು ಸಾಲದೆ ಕಲ್ಲಾಗುತ್ತದೆ. ಅಲ್ಲಿ ಕಥೆಯೇ ಬೇರೆ. ಮೈಭಾರ ಹೊರುವ ಕೆಲಸ ತಪ್ಪಿದ್ದರಿಂದ ಸೊಂಟ, ತೊಡೆಯ ಮೂಳೆಗಳು ತಿಂಗಳಿಗೆ ಶೇ 1ರಿಂದ 1.5ರಷ್ಟು ಸವೆಯಬಹುದು, ಆ ಕ್ಯಾಲ್ಸಿಯಂ ರಕ್ತಕ್ಕಿಳಿದು ಮೂತ್ರಕ್ಕೆ ಬರುತ್ತದೆ, ಕಲ್ಲು ಕಟ್ಟಲು ಅಷ್ಟು ಸಾಕು. ಅದಕ್ಕೇ ದಿನಾ ಎರಡು ತಾಸಿನ ಕಸರತ್ತು, ಜಾಸ್ತಿ ನೀರು. ಹೋಗುವ ಮೊದಲೇ ಸ್ಕ್ಯಾನ್ ಕೂಡ ಆಗುತ್ತದೆ.

ಲೆಕ್ಕ ಹಾಕುವ ರೀತಿ ಸರಳ. ಈ ಕಾಯಿಲೆ ಬರುವ ಸಾಧ್ಯತೆ ಎಷ್ಟು? ಬಂದರೆ ಎಷ್ಟು ಕೆಡುತ್ತದೆ? ನಾಸಾ ಸುಮಾರು ನೂರು ಕಾಯಿಲೆ, ಗಾಯಗಳನ್ನು ಕಂಪ್ಯೂಟರಿಗೆ ಹಾಕಿ, ಒಂದೇ ಯಾನವನ್ನು ಸಾವಿರಾರು ಸಲ ಓಡಿಸಿ ನೋಡಿ, ಔಷಧಿ ಪೆಟ್ಟಿಗೆಯಲ್ಲಿ ಏನಿರಬೇಕು ಅಂತ ತೀರ್ಮಾನಿಸುತ್ತದೆ. ತೊಂದರೆ ಏನಂದ್ರೆ, ಬಾಹ್ಯಾಕಾಶಕ್ಕೆ ಹೋದವರೇ ಇನ್ನೂ ಸಾವಿರ ದಾಟಿಲ್ಲ. ಹಾಗಾಗಿ ಆಸ್ಪತ್ರೆಯಿಂದ ದೂರ ಇರುವ ಜಲಾಂತರ್ಗಾಮಿ, ಅಂಟಾರ್ಕ್ಟಿಕಾದವರ ಅಂಕಿಗಳನ್ನೂ ಕಡ ತರಬೇಕಾಗುತ್ತದೆ. ನನಗಂತೂ ಈ ಲೆಕ್ಕದ ಮೇಲೆ ಪೂರ್ತಿ ನಂಬಿಕೆ ಇಲ್ಲ. ಒಂದು ಉದಾಹರಣೆ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಒಬ್ಬ ಗಗನಯಾತ್ರಿಗೆ ಬೇರೇನೋ ಅಧ್ಯಯನಕ್ಕೆ ಅಂತ ಅಲ್ಟ್ರಾಸೌಂಡ್ ಮಾಡುವಾಗ ಕುತ್ತಿಗೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ನೋವಿಲ್ಲ, ಗುಮಾನಿಯೂ ಇಲ್ಲ. ಭೂಮಿಯ ಮೇಲಿನ ಡಾಕ್ಟರುಗಳು ಹೇಳಿದಂತೆ ರಕ್ತ ತೆಳುವಾಗಿಸುವ ಔಷಧಿ ಕೊಟ್ಟು ಸಂಭಾಳಿಸಿದರು. 2020ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು.

ನಿಮ್ಮಣ್ಣನಿಗೆ ಕಲಬುರಗಿ ಇತ್ತು. ನಿಲ್ದಾಣದವರಿಗೂ ವಾಪಸ್ ಬರುವ ಗಾಡಿ ಕಟ್ಟೇ ಇರುತ್ತದೆ. 1985ರಲ್ಲಿ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್-7ರಲ್ಲಿ ಗಗನಯಾತ್ರಿ ವ್ಲಾದಿಮಿರ್ ವಸ್ಯೂತಿನ್ ಕಾಯಿಲೆ ಬಿದ್ದಾಗ ಯಾನವನ್ನೇ ಮೊಟಕುಗೊಳಿಸಿ ಕರೆತಂದರು. ಮಂಗಳಕ್ಕೆ ಹೊರಟ ಮೇಲೆ ಅದೂ ಇಲ್ಲ. ಹೋಗಲೇ ಆರೇಳು ತಿಂಗಳು ಬೇಕು, ಒಂದು ಮಾತು ಭೂಮಿಗೆ ತಲುಪಲು ಕೆಲವೊಮ್ಮೆ 20 ನಿಮಿಷಕ್ಕೂ ಜಾಸ್ತಿ. ಹಾಗಾಗಿ ಆ ತಂಡದಲ್ಲಿ ಡಾಕ್ಟರ್ ಒಬ್ಬರು ಇರಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಆ ಡಾಕ್ಟರಿಗೇ ಕಾಯಿಲೆ ಬಂದರೆ ಅಂತ ಮುಂದಿನ ಪತ್ರದಲ್ಲಿ ನೀವು ಕೇಳೋದು ಗ್ಯಾರಂಟಿ, ಅಲ್ವಾ? 1961ರಲ್ಲಿ ಅಂಟಾರ್ಕ್ಟಿಕಾದ ಸೋವಿಯತ್ ನೆಲೆಯಲ್ಲಿ ಲಿಯೊನಿಡ್ ರೊಗೊಜೊವ್ ಅನ್ನುವ ಡಾಕ್ಟರು ತಮ್ಮ ಅಪೆಂಡಿಕ್ಸ್ ಆಪರೇಷನ್ ತಾವೇ ಮಾಡಿಕೊಂಡರು. ಬದುಕಿಯೂ ಉಳಿದರು.